ಬಣ್ಣ ಬಂದಷ್ಟು ಬರಲಿ, ಚರ್ಮ ಸುಡದಿರಲಿ

ಮೆಲ್ಬರ್ನಿನ ಕೊಲ್ಲಿಯಲ್ಲಿ ಬೇಸಿಗೆಯುದ್ದಕ್ಕೂ ಈಜುವುದು ನನ್ನ ರೂಢಿ. ಡಿಸೆಂಬರ್‌ನಿಂದ ಮಾರ್ಚ್ ನಡುವೆ ಮೈಗೆ ಏರುವ ತಾಮ್ರದ ಛಾಯೆ ನನಗೆ ಇಷ್ಟ. ಶಿವಮೊಗ್ಗದಲ್ಲಿರುವ ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿದ್ದೇ “ಏನೇ ಇದು, ಇಷ್ಟು ಕಪ್ಪಗಾಗಿದ್ದೀಯಲ್ಲೇ! ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡೇ” ಎನ್ನುತ್ತಾರೆ. ಇಲ್ಲಿನ ಗೆಳತಿಯರು ಅದೇ ಬಣ್ಣಕ್ಕಾಗಿ ಮರಳ ಮೇಲೆ ಗಂಟೆಗಟ್ಟಲೆ ಮಲಗುತ್ತಾರೆ. ಕಪ್ಪಾದರೆ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ನೇರಳಾತೀತ ಕಿರಣ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಕೊಟ್ಟಾಗಲೇ ಚರ್ಮ ತನಗೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿಸಿಕೊಳ್ಳುವುದು ಎಂಬುದೂ ಸತ್ಯ. ಹಾಗಾಗಿ ನಾನು ಬಣ್ಣಕ್ಕೆಂದೇ ಬಿಸಿಲಿಗೆ ಮೈ ಒಡ್ಡುವುದಿಲ್ಲ. ಈಜಿನ ಜೊತೆ ಎಷ್ಟು ಬರುತ್ತದೋ ಅಷ್ಟು ಸಾಕು.

ಇಲ್ಲಿಗೆ ಬಂದಮೇಲೆ ಬಿಸಿಲನ್ನು ಅಳೆಯುವ ಕ್ರಮವನ್ನೇ ಹೊಸದಾಗಿ ಕಲಿತೆ. ನಮ್ಮೂರಲ್ಲಿ ಝಳ ನೋಡಿ ಬಿಸಿಲು ಜೋರೋ ಅಲ್ಲವೋ ಹೇಳುತ್ತೇವೆ. ಮೆಲ್ಬರ್ನಿನಲ್ಲಿ ಆ ಲೆಕ್ಕ ನಡೆಯದು. ಜನವರಿಯಲ್ಲಿ ತೆಂಕಣ ಗಾಳಿ ಬೀಸಿ ತಾಪಮಾನ 20 ಡಿಗ್ರಿಗೆ ಇಳಿದು ಸ್ವೆಟರ್ ಬೇಕೆನಿಸುವ ದಿನವೂ ಯುವಿ ಸೂಚ್ಯಂಕ (ನೇರಳಾತೀತ ಕಿರಣದ ತೀವ್ರತೆ ಹೇಳುವ ಅಂಕಿ) 10 ದಾಟಬಹುದು. ಚರ್ಮಕ್ಕೆ ತಾಗುವ ಬಿಸಿ ಅವಕೆಂಪು ಕಿರಣದ್ದು, ಸುಡುವುದು ನೇರಳಾತೀತ ಕಿರಣ. ಅದು ಕಣ್ಣಿಗೂ ಕಾಣದು, ಮೈಗೂ ತಿಳಿಯದು. ಜೊತೆಗೆ, ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಅಂದರೆ ದಕ್ಷಿಣ ಗೋಳಾರ್ಧದ ನಡುಬೇಸಿಗೆಯಲ್ಲೇ. ಜುಲೈಗಿಂತ ಸುಮಾರು ಶೇ 7ರಷ್ಟು ಹೆಚ್ಚು ಬಿಸಿಲು ಆಗ ಭೂಮಿಗೆ ಬೀಳುತ್ತದೆ. ತೆಳು ಮೋಡವೂ ನೇರಳಾತೀತ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ.

ಆದ್ದರಿಂದ ಮನೆ ಬಿಡುವ ಮೊದಲು ಫೋನಿನಲ್ಲಿ ಆ ದಿನದ ಯುವಿ ಸೂಚ್ಯಂಕ ನೋಡುತ್ತೇನೆ. ಅದು 3 ಮುಟ್ಟಿದರೆ ರಕ್ಷಣೆ ಬೇಕೆಂಬುದು ಇಲ್ಲಿ ಮಕ್ಕಳಿಗೂ ಗೊತ್ತು. 1981ರಲ್ಲಿ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಸಂಸ್ಥೆ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂದು ಹಾಡಿ ಹೇಳಿಕೊಟ್ಟಿತು: ಅಂಗಿ ತೊಡಿ, ಬಿಸಿಲು ತಡೆಯುವ ಕ್ರೀಮ್ ಬಳಿಯಿರಿ, ಟೋಪಿ ಹಾಕಿ. ಇನ್ನೊಂದು ವಿಷಯ ಹೊಸಬರಿಗೆ ಹೇಳಲೇಬೇಕು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಒಂದೂವರೆಯ ಆಸುಪಾಸಿಗೆ. “ಮೂರು ಗಂಟೆ ಆಯ್ತಲ್ಲ, ಇನ್ನೇನು ಬಿಸಿಲು” ಎಂದು ಮಕ್ಕಳನ್ನು ಬೀಚಿಗೆ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೆರಳು ನನಗಿಂತ ಗಿಡ್ಡವಿದ್ದರೆ ನೀರಿನಿಂದ ಎದ್ದು ಮರದಡಿ ಸೇರುತ್ತೇನೆ. ಬೆಳಗ್ಗೆ ಬೇಗ ಅಥವಾ ಸಂಜೆ ಐದರ ಮೇಲೆ, ಸೂಚ್ಯಂಕ 3ರಿಂದ 5ರ ನಡುವೆ ಇರುವಾಗ ಈಜಲು ಇಳಿಯುತ್ತೇನೆ.

ಕ್ರೀಮಿನ ವಿಷಯದಲ್ಲಿ ಜಿಪುಣತನ ಸಲ್ಲದು. ಡಬ್ಬಿಯ ಮೇಲೆ ಬರೆದ, ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ತಿಳಿಸುವ ಎಸ್‌ಪಿಎಫ್ ಸಿಗಬೇಕಾದರೆ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಬಳಿಯಬೇಕು. ಚಮಚದ ಲೆಕ್ಕದಲ್ಲಿ ಒಂದೊಂದು ಕೈಗೆ, ಕಾಲಿಗೆ, ಎದೆ-ಹೊಟ್ಟೆಗೆ, ಬೆನ್ನಿಗೆ, ಮುಖ-ಕತ್ತು-ಕಿವಿಗೆ ತಲಾ ಒಂದು ಟೀ ಚಮಚ. ಒಟ್ಟು ಏಳು. ಹೊರಡುವ 20 ನಿಮಿಷ ಮೊದಲು ಬಳಿದು, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಮೈ ಒರೆಸಿಕೊಂಡ ಕೂಡಲೇ ಮತ್ತೆ ಬಳಿಯುತ್ತೇನೆ. ಕ್ರೀಮ್ ಹಚ್ಚಿದರೆ ಬಣ್ಣವೇ ಬರುವುದಿಲ್ಲ ಎಂಬುದು ಸುಳ್ಳು. ಎಸ್‌ಪಿಎಫ್ 50 ಕೂಡ ಸುಡುವ ಕಿರಣದಲ್ಲಿ ಶೇ 2ರಷ್ಟನ್ನು ಒಳಗೆ ಬಿಡುತ್ತದೆ. ಸತು ಬೆರೆತ ಕ್ರೀಮ್‌ಗಳು ನಮ್ಮ ಕಂದು ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ. ಅದಕ್ಕೇ ಮುಖಕ್ಕೆ ಐರನ್ ಆಕ್ಸೈಡ್ ಇರುವ, ಮೈಬಣ್ಣಕ್ಕೆ ಹೊಂದುವ ಕ್ರೀಮ್ ಆರಿಸಿಕೊಂಡೆ. ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಕ್ಕಮಟ್ಟಿಗೆ ತಡೆಯುತ್ತದೆ. ನಮ್ಮಂಥವರ ಕೆನ್ನೆಯ ಮೇಲೆ ಬಂಗು ಹೆಚ್ಚಿಸುವುದರಲ್ಲಿ ಆ ಬೆಳಕಿಗೂ ಪಾಲಿದೆ.

ತಾಳ್ಮೆ ಬೇಕಾಗುವುದು ಬಣ್ಣ ಬರುವ ಹೊತ್ತಿಗೆ. ಬಿಸಿಲಿಗೆ ಹೋದ ಕೂಡಲೇ ಕಾಣುವ ಕಪ್ಪು ನೇರಳಾತೀತ ಕಿರಣದ ಒಂದು ಬಗೆಯಾದ ಯುವಿಎಯಿಂದ ಬಂದದ್ದು. ಅದು ಇದ್ದ ಮೆಲನಿನ್ನೇ ಗಾಢವಾಗುವುದು, ಹೆಚ್ಚಿನಂಶ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಇನ್ನೊಂದು ಬಗೆಯಾದ ಯುವಿಬಿ ಹುಟ್ಟಿಸುವ ಹೊಸ ಮೆಲನಿನ್ ಕಾಣಿಸಿಕೊಳ್ಳಲು ಎರಡು-ಮೂರು ದಿನ ಬೇಕು. ಅಷ್ಟರಲ್ಲೇ “ಇನ್ನೂ ಬಂದಿಲ್ಲ” ಎಂದು ಮರುದಿನ ಮತ್ತೆ ಮಲಗುವವರೇ ಸುಟ್ಟುಕೊಳ್ಳುವುದು. ಬಂದ ಬಣ್ಣವೂ ಕವಚವಲ್ಲ, ಅದರ ರಕ್ಷಣೆ ಎಸ್‌ಪಿಎಫ್ 3–4ರಷ್ಟು ಮಾತ್ರ. ದೀಪದ ಹಾಸಿಗೆಯಲ್ಲಿ ಮಲಗಿ ಬಣ್ಣ ತರಿಸುವ ಸೋಲಾರಿಯಂ ವ್ಯಾಪಾರವನ್ನು ವಿಕ್ಟೋರಿಯಾ 2015ರಿಂದ ನಿಷೇಧಿಸಿದೆ, ಒಳ್ಳೆಯದೇ ಆಯಿತು.

ತೆಂಗಿನೆಣ್ಣೆ ನನ್ನ ಬಚ್ಚಲಲ್ಲಿ ಯಾವಾಗಲೂ ಇರುತ್ತದೆ, ಉಪ್ಪುನೀರು ತೊಳೆದುಕೊಂಡ ಮೇಲೆ ಹಚ್ಚಲು. ಬಿಸಿಲಿಗೆ ಹೋಗುವ ಮೊದಲು ಹಚ್ಚಿದರೆ ಅದು ರಕ್ಷಣೆ ಕೊಡುವುದಿಲ್ಲ. ಕಪ್ಪು ತೆಗೆಯಲೆಂದು ನಿಂಬೆರಸ ಉಜ್ಜಿ ಬಿಸಿಲಿಗೆ ನಿಲ್ಲುವುದಂತೂ ಅಪಾಯ. ಅದರ ರಾಸಾಯನಿಕಗಳು ಬಿಸಿಲಿನೊಂದಿಗೆ ಸೇರಿ ಬೊಬ್ಬೆ ಎಬ್ಬಿಸುತ್ತವೆ. ಊರಿನ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ, ಸ್ಟೀರಾಯ್ಡ್ ಬೆರೆತ ಬೆಳ್ಳಗಾಗುವ ಕ್ರೀಮ್ ಇನ್ನೂ ಕೆಟ್ಟದ್ದು. ಚರ್ಮವನ್ನು ತೆಳುವಾಗಿಸಿ ಬಿಸಿಲು ತಾಳದಂತೆ ಮಾಡುತ್ತದೆ. ಮೊಡವೆಗೆ ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ನುಂಗುತ್ತಿದ್ದರೂ ಬಿಸಿಲಲ್ಲಿ ಎಚ್ಚರ ಬೇಕು.

ಎಲ್ಲರಿಗೂ ಒಂದೇ ನಿಯಮವಿಲ್ಲ ಎಂಬುದನ್ನು ಆಸ್ಟ್ರೇಲಿಯಾದ ತಜ್ಞರೇ 2024ರಲ್ಲಿ ಒಪ್ಪಿದ್ದಾರೆ. ಗಾಢ ಬಣ್ಣದವರಿಗೆ ಚರ್ಮದ ಕ್ಯಾನ್ಸರ್‌ನ ಅಪಾಯ ಕಡಿಮೆ, ಡಿ ವಿಟಮಿನ್ ಕೊರತೆಯ ಸಾಧ್ಯತೆ ಹೆಚ್ಚು. ಹಾಗಾಗಿ ಅಂಥವರು ಹೊರಗೆ ಬಹಳ ಹೊತ್ತು ಇರದಿದ್ದರೆ ದಿನಾಲೂ ಕ್ರೀಮ್ ಬೇಕಿಲ್ಲ ಎಂಬ ಅವರ ಸಲಹೆ ನನಗೆ ಸರಿ ಎನಿಸಿತು. ಜೂನ್-ಜುಲೈಯಲ್ಲಿ ಇಲ್ಲಿ ಸೂಚ್ಯಂಕ ಸಾಮಾನ್ಯವಾಗಿ 3 ಮುಟ್ಟುವುದೇ ಇಲ್ಲ. ಆಗ ತೋಳು ಬಿಟ್ಟು ಮಧ್ಯಾಹ್ನವೇ ನಡೆಯಲು ಹೋಗುತ್ತೇನೆ, ವೈದ್ಯರನ್ನು ಕೇಳಿ ಡಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ.

ಕಂದು ಚರ್ಮದವರಿಗೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಬರುತ್ತದೆ. ಹಾಗಾಗಿ ಸ್ನಾನವಾದ ಮೇಲೆ ಆಗಾಗ ಪಾದ ಎತ್ತಿ ನೋಡಿಕೊಳ್ಳುತ್ತೇನೆ. ಅಮ್ಮನಿಗೂ ಹೇಳಿದ್ದೇನೆ: ಹೊಸದಾಗಿ ಕಪ್ಪು ಮಚ್ಚೆ ಮೂಡಿದರೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ಅರಿಶಿನ ಹಚ್ಚಿ ಕಾಯಬೇಡ, ಚರ್ಮದ ಡಾಕ್ಟರ ಹತ್ತಿರ ಹೋಗು.