ಡೆಂಗಿ ವೈರಸ್ ಹೊಕ್ಕ ಸೆಲ್‌ನಲ್ಲಿ ಯಾವ ಜೀನ್‌ಗಳು ಏಳುತ್ತವೆ? ನನ್ನ ಅನುಭವ

ಪ್ಲೇಟಿನಲ್ಲಿ ಬೆಳೆಸಿದ ಮನುಷ್ಯನ ಸೆಲ್‌ಗಳಿಗೆ ವೈರಸ್ ಹಾಕಿ, ಒಂದು ದಿನ ಬಿಟ್ಟು ಆರ್‌ಎನ್‌ಎ (ಕೆಲಸ ಮಾಡುತ್ತಿರುವ ಜೀನಿನ ನಕಲು) ತೆಗೆದು ನೋಡಿದರೆ ನೂರಾರು ಜೀನ್‌ಗಳ ಕೆಲಸ ಬದಲಾಗಿರುತ್ತದೆ. ಅವನ್ನು ಪಟ್ಟಿ ಮಾಡೋದು ಸುಲಭ. ಆದರೆ ಆ ಪಟ್ಟಿಯಲ್ಲಿ ಯಾವ ಜೀನನ್ನು ವೈರಸ್ಸೇ ಎಬ್ಬಿಸಿತು, ಯಾವುದು ಪಕ್ಕದ ಸೆಲ್‌ನಿಂದ ಸುದ್ದಿ ಬಂದು ಎದ್ದಿತು ಅಂತ ಬೇರೆ ಮಾಡೋದು ಕಷ್ಟ. ಪಿಎಚ್‌ಡಿಯಲ್ಲಿ ನನ್ನ ಬಹುಪಾಲು ಸಮಯ ಹೋಗಿದ್ದು ಇದಕ್ಕೇ. ಈ ಕೆಲಸಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡಿದ್ದು ಡೆಂಗಿ ವೈರಸ್, ಅದರಲ್ಲೂ ಎರಡನೇ ಸೀರೋಟೈಪ್ (ಬಗೆ). ಅದೇ ಕುಟುಂಬದ ನಮ್ಮ ಮಲೆನಾಡಿನ ಮಂಗನ ಕಾಯಿಲೆ ವೈರಸ್ ಮೇಲೆ ಕೆಲಸ ಮಾಡುವ ಆಸೆ ಇತ್ತು. ಆದರೆ ಅದಕ್ಕೆ ಬಹಳ ಬಿಗಿ ಸುರಕ್ಷತೆಯ ಲ್ಯಾಬ್ ಬೇಕು. ಡೆಂಗಿ ಕೆಲಸವನ್ನು ಬಿಎಸ್‌ಎಲ್-2 ಎಂಬ ಎರಡನೇ ಮಟ್ಟದ ಸುರಕ್ಷತೆಯ ಲ್ಯಾಬಿನಲ್ಲೇ ಮಾಡಬಹುದು. ಇಲ್ಲೊಂದು ವಿಷಯ ನನಗೆ ತುಂಬಾ ಇಷ್ಟ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇಂಟರ್‌ಫೆರಾನ್ ಕಂಡುಹಿಡಿದರು. ವೈರಸ್ ಹೊಕ್ಕ ಸೆಲ್ ಬೇರೆ ಸೆಲ್‌ಗಳನ್ನು ಎಚ್ಚರಿಸಲು ಹೊರಬಿಡುವ ಪ್ರೋಟೀನ್ ಇದು. ನನ್ನ ಕೆಲಸವೆಲ್ಲ ಸುತ್ತಿದ್ದು ಈ ಇಂಟರ್‌ಫೆರಾನ್ ಸುತ್ತಲೇ.

ಸೆಲ್ ಒಳಗೆ ಡೆಂಗಿ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡುವಾಗ ಜೋಡಿ ಎಳೆಯ ಆರ್‌ಎನ್‌ಎ ಹುಟ್ಟುತ್ತದೆ. ರಿಗ್-ಐ, ಎಂಡಿಎ5 ಎಂಬ ಕಾವಲು ಪ್ರೋಟೀನ್‌ಗಳು ಅದನ್ನು ಹಿಡಿಯುತ್ತವೆ. ಅಲ್ಲಿಂದ ಸಂಕೇತ ಹೋಗಿ ಐಆರ್‌ಎಫ್3 ಎಂಬ ಪ್ರೋಟೀನ್ ನ್ಯೂಕ್ಲಿಯಸ್ ಸೇರುತ್ತದೆ, ಇಂಟರ್‌ಫೆರಾನ್ ಬೀಟಾ ಜೀನ್ ಆನ್ ಆಗುತ್ತದೆ. ಇದು ಮೊದಲ ಹಂತ. ತಯಾರಾದ ಇಂಟರ್‌ಫೆರಾನ್ ಸೆಲ್‌ನಿಂದ ಹೊರಗೆ ಬಂದು ಅಕ್ಕಪಕ್ಕದ ಸೆಲ್‌ಗಳನ್ನು ಮುಟ್ಟುತ್ತದೆ. ಕಳ್ಳ ನುಗ್ಗಿದ ಮನೆಯವರು ಕೂಗಿದರೆ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡ ಹಾಗೆ. ಆ ಸೆಲ್‌ಗಳಲ್ಲಿ ಜ್ಯಾಕ್ ಕೈನೇಸ್‌ಗಳು, ಸ್ಟ್ಯಾಟ್1, ಸ್ಟ್ಯಾಟ್2 ಎಂಬ ಸಂಕೇತ ಸಾಗಿಸುವ ಪ್ರೋಟೀನ್‌ಗಳ ಮೂಲಕ ಎಂಎಕ್ಸ್1, ಓಎಎಸ್1, ಐಎಫ್‌ಐಟಿ1, ಪಿಕೆಆರ್ ತರಹದ ನೂರಾರು ಜೀನ್‌ಗಳು ಏಳುತ್ತವೆ. ಇದು ಎರಡನೇ ಹಂತ. ಪ್ಲೇಟಿನಲ್ಲಿ ಎರಡೂ ಹಂತ ಒಟ್ಟಿಗೇ ನಡೆಯುತ್ತಿರುತ್ತವೆ. ಎಲ್ಲವನ್ನೂ ಒಂದೇ ಟ್ಯೂಬಿಗೆ ಸುರಿದರೆ ಸಿಗುವುದು ಬರೀ ಸರಾಸರಿ.

ಸೆಲ್ ಆರಿಸುವಾಗಲೇ ಜಾಗ್ರತೆ ಬೇಕು. ವೀರೋ ಸೆಲ್‌ಗಳಲ್ಲಿ ಡೆಂಗಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಅವು ಕೋತಿಯ ಸೆಲ್‌ಗಳು, ಇಂಟರ್‌ಫೆರಾನ್ ಬೀಟಾ ತಯಾರಿಸುವುದೂ ಇಲ್ಲ. ವೈರಸ್ ಎಣಿಸಲು ಸರಿ, ಈ ಪ್ರಶ್ನೆಗೆ ಆಗದು. ಎಚ್‌ಯುಎಚ್7.5 ಎಂಬ ಲಿವರ್ ಸೆಲ್‌ಗಳಲ್ಲಿ ರಿಗ್-ಐ ಜೀನೇ ಕೆಟ್ಟಿದೆ. ಹಾಗಾಗಿ ನಾನು ಎ549 ಸೆಲ್‌ಗಳನ್ನು ಹಿಡಿದೆ. ಮನುಷ್ಯನ ಶ್ವಾಸಕೋಶದ ಕ್ಯಾನ್ಸರಿನಿಂದ ಬಂದ ಇವುಗಳಲ್ಲಿ ಎರಡೂ ಹಂತ ಗಟ್ಟಿಯಾಗಿವೆ.

ವೈರಸ್ ಬೆಳೆಸಿದ್ದು ಸಿ6/36 ಎಂಬ ಸೊಳ್ಳೆಯ ಸೆಲ್‌ಗಳಲ್ಲಿ, 28 ಡಿಗ್ರಿಯಲ್ಲಿ. ಕಾರಣ ಇದೆ. ಮನುಷ್ಯನ ಸೆಲ್‌ನಲ್ಲಿ ಬೆಳೆಸಿದರೆ ಆ ಮೀಡಿಯಂನಲ್ಲೇ ಇಂಟರ್‌ಫೆರಾನ್ ಸೇರಿರುತ್ತದೆ. ಅದನ್ನು ಹಾಕಿದ ಕ್ಷಣದಿಂದಲೇ ಎರಡನೇ ಹಂತದ ಜೀನ್‌ಗಳು ಏಳುತ್ತವೆ. ಆಮೇಲೆ ವೈರಸ್ ಏನು ಮಾಡಿತು ಅಂತ ಹೇಗೆ ಹೇಳೋದು? ಪ್ರತಿ ಸಲ ಎರಡು ಹೋಲಿಕೆ ಪ್ಲೇಟ್ ಇಡುತ್ತಿದ್ದೆ. ಒಂದಕ್ಕೆ ಸೋಂಕಿಲ್ಲದ ಸೊಳ್ಳೆ ಸೆಲ್‌ಗಳ ಮೀಡಿಯಂ. ಇನ್ನೊಂದಕ್ಕೆ ಯುವಿ ಬೆಳಕಿನಿಂದ ನಿಷ್ಕ್ರಿಯ ಮಾಡಿದ ವೈರಸ್. ಅದು ನಕಲಾಗುವುದಿಲ್ಲ. ಆ ಪ್ಲೇಟಿನಲ್ಲೂ ಎದ್ದ ಜೀನ್ ಏಳಲು ವೈರಸ್ ನಕಲಾಗಬೇಕಿಲ್ಲ ಅಂತ ಅರ್ಥ. ಈ ಯುವಿ ಪ್ಲೇಟನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ.

ಸೆಲ್‌ಗೆ ಒಂದು ವೈರಸ್ ಲೆಕ್ಕದಲ್ಲಿ ಹಾಕಿದರೆ ಎಲ್ಲ ಸೆಲ್‌ಗೂ ಸೋಂಕು ತಗಲುತ್ತದೆ ಅನ್ನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಕೆಲವಕ್ಕೆ ಎರಡು ಮೂರು ಹೋಗುತ್ತವೆ, ಸುಮಾರು ಶೇಕಡಾ 37ಕ್ಕೆ ಒಂದೂ ಹೋಗುವುದಿಲ್ಲ. ಇದು ಸಂಭವನೀಯತೆಯ ಲೆಕ್ಕ. ಇದರ ಮೇಲೆ ಇಂಟರ್‌ಫೆರಾನ್ ತಡೆಯೂ ಸೇರುತ್ತದೆ. ಅದಕ್ಕೇ ಪ್ರತಿ ಪ್ರಯೋಗದಲ್ಲೂ ಒಂದು ಭಾಗ ಸೆಲ್‌ಗಳಿಗೆ ವೈರಸ್ ಪ್ರೋಟೀನಿಗೆ ಅಂಟುವ 4ಜಿ2 ಆಂಟಿಬಾಡಿ ಹಾಕಿ, ಎಷ್ಟಕ್ಕೆ ಸೋಂಕು ತಗಲಿದೆ ಅಂತ ಒಂದೊಂದೇ ಸೆಲ್ ನೋಡಿ ಎಣಿಸುವ ಫ್ಲೋ ಸೈಟೋಮೀಟರಿನಲ್ಲಿ ಎಣಿಸುತ್ತಿದ್ದೆ. ಈ ಒಂದು ಸಂಖ್ಯೆ ಕೈಯಲ್ಲಿ ಇಲ್ಲದಿದ್ದರೆ ಉಳಿದ ಯಾವ ಸಂಖ್ಯೆಗೂ ಅರ್ಥ ಬರುವುದಿಲ್ಲ.

ಜೀನ್ ಅಳೆದಿದ್ದು ರಿಯಲ್ ಟೈಮ್ ಪಿಸಿಆರ್‌ನಲ್ಲಿ. ಟ್ರೈಜಾಲ್ ಎಂಬ ದ್ರಾವಣದಲ್ಲಿ ಆರ್‌ಎನ್‌ಎ ತೆಗೆಯುವ ವಿಧಾನ ಎಲ್ಲರಿಗೂ ಗೊತ್ತಿರುವುದೇ. ಫಲಿತಾಂಶ ಓದುವ ಬಗ್ಗೆ ಮಾತ್ರ ಒಂದು ಮಾತು. ಸೋಂಕಿಲ್ಲದ ಸೆಲ್‌ನಲ್ಲಿ ಇಂಟರ್‌ಫೆರಾನ್ ಬೀಟಾ ಹೆಚ್ಚುಕಮ್ಮಿ ಸೊನ್ನೆ. ಸಿಟಿ (ಎಷ್ಟನೇ ಪಿಸಿಆರ್ ಸುತ್ತಿನಲ್ಲಿ ಸಂಕೇತ ಕಂಡಿತು ಎಂಬ ಸಂಖ್ಯೆ; ಜೀನ್ ಕಡಿಮೆ ಇದ್ದಷ್ಟೂ ಇದು ಹೆಚ್ಚು) 35 ದಾಟುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಒಂದು ಸಿಟಿ ವ್ಯತ್ಯಾಸ ಎಂದರೆ ಎರಡು ಪಟ್ಟು, ಹತ್ತು ಸಿಟಿ ಎಂದರೆ ಸಾವಿರ ಪಟ್ಟು. ಸೊನ್ನೆಯ ಹತ್ತಿರದ ಸಂಖ್ಯೆಯಿಂದ ಭಾಗಿಸಿ ‘ಸಾವಿರಾರು ಪಟ್ಟು ಏರಿತು’ ಅಂತ ಗ್ರಾಫ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ನಾನು ಮೂಲ ಸಿಟಿಗಳನ್ನೂ ಪಕ್ಕದಲ್ಲೇ ತೋರಿಸುತ್ತೇನೆ.

ಎರಡು ಹಂತಗಳನ್ನು ಬಿಡಿಸಿ ತೋರಿಸಿದ್ದು ರಕ್ಸೋಲಿಟಿನಿಬ್. ಇದು ಮೈಲೋಫೈಬ್ರೋಸಿಸ್ ಎಂಬ ಮಜ್ಜೆಯ ಕಾಯಿಲೆಗೆ ಕೊಡುವ ಔಷಧಿ, ಜ್ಯಾಕ್1 ಮತ್ತು ಜ್ಯಾಕ್2 ಅನ್ನು ತಡೆಯುತ್ತದೆ. ಸೋಂಕಿಗೆ ಮುಂಚೆಯೇ ಇದನ್ನು ಹಾಕಿದರೆ ಸೆಲ್ ಇಂಟರ್‌ಫೆರಾನ್ ತಯಾರಿಸಬಲ್ಲದು, ಆದರೆ ಯಾವ ಸೆಲ್‌ಗೂ ಅದು ಕೇಳಿಸುವುದಿಲ್ಲ. ನನ್ನ ಪ್ಲೇಟುಗಳಲ್ಲಿ ಎಂಎಕ್ಸ್1 ನೆಲ ಕಚ್ಚಿತು. ಐಎಫ್‌ಐಟಿ1 ಪೂರ್ತಿ ಇಳಿಯಲಿಲ್ಲ, ಯಾಕೆಂದರೆ ಐಆರ್‌ಎಫ್3 ಅದನ್ನು ನೇರವಾಗಿಯೂ ಎಬ್ಬಿಸುತ್ತದೆ. ಎರಡನ್ನೂ ‘ಇಂಟರ್‌ಫೆರಾನ್ ಜೀನ್’ ಅಂತ ಒಂದೇ ಗುಂಪಿಗೆ ಸೇರಿಸುವ ಅಭ್ಯಾಸ ಇದೆ. ಈ ಫಲಿತಾಂಶ ನೋಡಿದ ಮೇಲೆ ನಾನದನ್ನು ಬಿಟ್ಟೆ. ಒಂದು ಎಚ್ಚರಿಕೆ: ಇಂಟರ್‌ಫೆರಾನ್ ಒಡ್ಡುವ ತಡೆ ಹೋದಾಗ ವೈರಸ್ ಜಾಸ್ತಿ ಬೆಳೆಯುತ್ತದೆ, ಸೋಂಕಾದ ಸೆಲ್‌ಗಳು ಹೆಚ್ಚುತ್ತವೆ, ಇಂಟರ್‌ಫೆರಾನ್ ಬೀಟಾ ಏರಿದ ಹಾಗೆ ಕಾಣುತ್ತದೆ. 4ಜಿ2 ಎಣಿಕೆ ಇದ್ದರೆ ಮಾತ್ರ ಇದು ಗೊತ್ತಾಗುತ್ತದೆ.

ಆಮೇಲೆ ಸೋಂಕಾದ ಸೆಲ್, ಆಗದ ಸೆಲ್ ಎರಡನ್ನೂ ಸಾರ್ಟರ್ ಎಂಬ ಸೆಲ್ ವಿಂಗಡಿಸುವ ಯಂತ್ರದಲ್ಲಿ ಬೇರೆ ಮಾಡಿದೆ. ಬದುಕಿರುವ ವೈರಸ್ಸನ್ನು ಎಲ್ಲರೂ ಬಳಸುವ ಯಂತ್ರಕ್ಕೆ ಹಾಕುವಂತಿಲ್ಲ. ಸೆಲ್‌ಗಳನ್ನು ಮೊದಲು ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಬೇಕು. ಹಾಗೆ ಮಾಡಿದರೆ ಆರ್‌ಎನ್‌ಎ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಪ್ರತಿಯೊಂದು ಬಫರಿಗೂ ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ತಡೆಯುವ ಪ್ರೋಟೀನ್ ಹಾಕಿ, ಎಲ್ಲವನ್ನೂ ಐಸ್ ಮೇಲೆ ಇಟ್ಟು, ಸಾರ್ಟ್ ಆದಮೇಲೆ ಪ್ರೋಟೀನ್ ಕರಗಿಸುವ ಪ್ರೋಟೀನೇಸ್ ಕೆ ಜೊತೆ ಬಿಸಿ ಮಾಡಿ ಆರ್‌ಎನ್‌ಎ ಬಿಡಿಸಿಕೊಂಡೆ. ಆರ್‌ಎನ್‌ಎ ತುಂಡಾಗಿರುತ್ತದೆ, ಅದಕ್ಕೆ ಪಿಸಿಆರ್ ಪ್ರೈಮರ್‌ಗಳು ಜೀನಿನ ಚಿಕ್ಕ ತುಣುಕನ್ನು ಮಾತ್ರ ನಕಲು ಮಾಡುವಂಥವೇ ಇರಬೇಕು. ಖರ್ಚಿನ ಕೆಲಸ, ತಾಳ್ಮೆಯ ಕೆಲಸ. ಆದರೆ ಕಂಡಿದ್ದು ಸ್ಪಷ್ಟ. ಇಂಟರ್‌ಫೆರಾನ್ ಬೀಟಾ ಇದ್ದಿದ್ದು ಸೋಂಕಾದ ಗುಂಪಿನಲ್ಲಿ. ಪ್ರೋಟೀನ್ ಮಡಿಕೆ ಕೆಟ್ಟಾಗ ಏಳುವ ಸಿಎಚ್‌ಒಪಿ ತರಹದ ಒತ್ತಡದ ಜೀನ್‌ಗಳೂ ಅಲ್ಲೇ. ಎಂಎಕ್ಸ್1, ಓಎಎಸ್1 ಜಾಸ್ತಿ ಇದ್ದಿದ್ದು ಸೋಂಕಾಗದ ಪಕ್ಕದ ಸೆಲ್‌ಗಳಲ್ಲಿ. ಇದಕ್ಕೆ ವಿವರಣೆ ಮೊದಲೇ ಇತ್ತು. ಡೆಂಗಿಯ ಎನ್‌ಎಸ್5 ಪ್ರೋಟೀನ್ ಮನುಷ್ಯನ ಸ್ಟ್ಯಾಟ್2 ಅನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಸೋಂಕಾದ ಸೆಲ್ ಸುದ್ದಿ ಕಳಿಸುತ್ತದೆ, ಆದರೆ ತಾನು ಅದನ್ನು ಪೂರ್ತಿ ಕೇಳಿಸಿಕೊಳ್ಳಲಾರದು. ಸರಾಸರಿಯಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ.

ಆರ್‌ಎನ್‌ಎ ಸೀಕ್ವೆನ್ಸಿಂಗಿಗೆ ಕಳಿಸುವವರಿಗೆ ಇನ್ನೊಂದು ವಿಷಯ. ಮನುಷ್ಯನ ಜೀನ್‌ಗಳ ಆರ್‌ಎನ್‌ಎ ತುದಿಯಲ್ಲಿರುವ ಪಾಲಿ-ಎ ಬಾಲ (ಎ ಅಕ್ಷರಗಳ ಸಾಲು) ಡೆಂಗಿ ಆರ್‌ಎನ್‌ಎಗೆ ಇಲ್ಲ. ಬಾಲ ಹಿಡಿದು ಆರಿಸುವ ಕಿಟ್ ಬಳಸಿದರೆ ಮನುಷ್ಯನ ಜೀನ್‌ಗಳು ಸಿಗುತ್ತವೆ, ವೈರಸ್ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಎರಡೂ ಬೇಕಿದ್ದರೆ ರೈಬೋಸೋಮಲ್ ಆರ್‌ಎನ್‌ಎ ತೆಗೆಯುವ ಕಿಟ್ ಕೇಳಿ.

ಎ549 ಕೊನೆಗೂ ಕ್ಯಾನ್ಸರ್ ಸೆಲ್. ನಿಜವಾದ ಡೆಂಗಿ ಜ್ವರದಲ್ಲಿ ವೈರಸ್ ಹಿಡಿಯುವುದು ಮುಖ್ಯವಾಗಿ ಮಾನೋಸೈಟ್, ಡೆಂಡ್ರಿಟಿಕ್ ಸೆಲ್ ತರಹದ ರೋಗನಿರೋಧಕ ಸೆಲ್‌ಗಳನ್ನು. ಈಗ ಆರೋಗ್ಯವಂತ ದಾನಿಗಳ ರಕ್ತದಿಂದ ಮಾನೋಸೈಟ್ ಬೇರೆ ಮಾಡಿ ಇದೇ ಪ್ರಯೋಗ ಮಾಡುತ್ತಿದ್ದೇನೆ. ದಾನಿಯಿಂದ ದಾನಿಗೆ ವ್ಯತ್ಯಾಸ ಬಹಳ. ಹಾಗಾಗಿ ಎಲ್ಲರನ್ನೂ ಸೇರಿಸಿ ಸರಾಸರಿ ಮಾಡದೆ, ಒಬ್ಬೊಬ್ಬರ ಸೋಂಕಾದ ಸೆಲ್‌ಗಳನ್ನೂ ಅವರದ್ದೇ ಸೋಂಕಿಲ್ಲದ ಸೆಲ್‌ಗಳ ಜೊತೆ ಹೋಲಿಸುತ್ತಿದ್ದೇನೆ.