ಯಲಹಂಕದ ಆಕಾಶದಲ್ಲಿ ವಾಯುಪಡೆಯ ವಿಮಾನಗಳನ್ನು ಗುರುತಿಸಿ ನೋಡುವ ಬಗೆ

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಮೊದಲ ಸಲ ಹೋಗುವವರು ಸಾಮಾನ್ಯವಾಗಿ ಕಿವಿಯನ್ನು ನಂಬುತ್ತಾರೆ. ಗರ್ಜನೆ ಕೇಳಿದ ಕಡೆಗೆ ತಲೆಯೆತ್ತಿದರೆ ಅಲ್ಲಿ ಬರಿಯ ಆಕಾಶವಿರುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಮೂರೂವರೆ ಕಿಲೋಮೀಟರ್ ಆಚೆಯ ವಿಮಾನದ ಸದ್ದು ನಮ್ಮನ್ನು ಮುಟ್ಟಲು ಹತ್ತು ಸೆಕೆಂಡು ಹಿಡಿಯುತ್ತದೆ; ಗಂಟೆಗೆ 900 ಕಿ.ಮೀ. ವೇಗದಲ್ಲಿರುವ ವಿಮಾನ ಅಷ್ಟರಲ್ಲಿ ಎರಡೂವರೆ ಕಿಲೋಮೀಟರ್ ದಾಟಿರುತ್ತದೆ. ಆದ್ದರಿಂದ ಸದ್ದು ಕೇಳಿದೊಡನೆ, ವಿಮಾನ ಸಾಗುತ್ತಿರುವ ದಿಕ್ಕಿನಲ್ಲಿ ಬಹಳ ಮುಂದಕ್ಕೆ ಕಣ್ಣು ಹಾಯಿಸಬೇಕು.

ಪ್ರದರ್ಶನಕ್ಕೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನು ನೋಡಿಬನ್ನಿ. ಅಲ್ಲಿರುವ ಮಾರುತ್ ಯುದ್ಧವಿಮಾನದ ಎದುರು ಹೆಚ್ಚು ಹೊತ್ತು ನಿಲ್ಲಬೇಕೆಂಬುದು ನನ್ನ ಆಗ್ರಹ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡ ಈ ವಿಮಾನವನ್ನು 1961ರ ಜೂನ್ 17ರಂದು ಮೊದಲ ಬಾರಿ ಹಾರಿಸಿದವರು ಪರೀಕ್ಷಾ ಪೈಲಟ್ ಸುರಂಜನ್ ದಾಸ್. ಒಂಬತ್ತು ವರ್ಷಗಳ ಬಳಿಕ, 1970ರಲ್ಲಿ, ಮಾರುತ್ ಹಾರಾಟದ ಅಪಘಾತದಲ್ಲೇ ಅವರು ಪ್ರಾಣ ಕಳೆದುಕೊಂಡರು. ನಾವು ದಿನವೂ ಸಿಗ್ನಲ್ಲಿಗಾಗಿ ಕಾಯುತ್ತ ನಿಲ್ಲುವ ಸುರಂಜನ್ ದಾಸ್ ರಸ್ತೆಗೆ ಆ ಹೆಸರು ಬಂದಿರುವುದು ಅವರಿಂದ. ಇದನ್ನು ತಿಳಿದ ಮೇಲೆ ಪರೀಕ್ಷಾ ಹಾರಾಟವೆಂಬ ಮಾತು ನನಗೆ ಮೊದಲಿನಷ್ಟು ಹಗುರವಾಗಿ ಕೇಳಿಸುತ್ತಿಲ್ಲ.

ಇನ್ನು ಗುರುತಿಸುವ ವಿಚಾರ. ಬಣ್ಣವನ್ನು ಬಿಟ್ಟು ರೆಕ್ಕೆ ಮತ್ತು ಬಾಲವನ್ನು ನೋಡಿ. ನೆಟ್ಟಗೆ ನಿಂತ ಬಾಲಗಳು ಎರಡಿದ್ದು, ದೊಡ್ಡ ರೆಕ್ಕೆಯ ಮುಂದೆ ಇನ್ನೊಂದು ಜೊತೆ ಕಿರುರೆಕ್ಕೆಗಳಿದ್ದರೆ ಅದು ಸುಖೋಯ್-30. ತ್ರಿಕೋನ ರೆಕ್ಕೆ, ಕಿರುರೆಕ್ಕೆ, ಒಂದೇ ಬಾಲವಿದ್ದರೆ ರಫೇಲ್. ರೆಕ್ಕೆಗಳು ಒಡಲಿನ ಮೇಲ್ಭಾಗಕ್ಕೆ ಜೋಡಿಸಿದಂತಿದ್ದರೆ ಜಾಗ್ವಾರ್. ಕಿರುರೆಕ್ಕೆಯಾಗಲಿ ಅಡ್ಡ ಬಾಲವಾಗಲಿ ಇಲ್ಲದ, ಉಳಿದವುಗಳಿಗಿಂತ ಗಾತ್ರದಲ್ಲಿ ಚಿಕ್ಕದಾದ ತ್ರಿಕೋನ ನಮ್ಮ ತೇಜಸ್. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಬ್ರಿಟಿಷರ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಮೊದಲ ಸ್ಕ್ವಾಡ್ರನ್ (ವಿಮಾನಗಳ ತುಕಡಿ) ಕಟ್ಟಿದ ವಾಯುಪಡೆ, 2016ರ ಜುಲೈ 1ರಂದು ಬೆಂಗಳೂರಿನಲ್ಲಿ ತೇಜಸ್‌ನ ಮೊದಲ ಸ್ಕ್ವಾಡ್ರನ್ ಕಟ್ಟಿತು. ಆ ಪುಟ್ಟ ತ್ರಿಕೋನ ತಲೆಯ ಮೇಲೆ ಹಾದುಹೋದಾಗಲೆಲ್ಲ ನನಗೆ ಇವೆರಡು ದಿನಗಳೂ ಒಟ್ಟಿಗೆ ನೆನಪಾಗುತ್ತವೆ.

ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ತಂಡಗಳಲ್ಲೊಂದಾದ ಬೀದರಿನ ಸೂರ್ಯಕಿರಣ 1996ರಲ್ಲಿ ಹುಟ್ಟಿತು. ಈಗ ಒಂಬತ್ತು ಹಾಕ್ ವಿಮಾನಗಳಲ್ಲಿ ಹಾರುತ್ತದೆ. ಎಲ್ಲರ ಕಣ್ಣೂ ಮುಂದಿನ ವಿಮಾನದ ಮೇಲಿರುತ್ತದೆ. ನೀವು ಅಂಚಿನ ವಿಮಾನವನ್ನು ಗಮನಿಸಿ. ತಂಡ ತಿರುವು ತೆಗೆದುಕೊಳ್ಳುವಾಗ ಹೊರ ಅಂಚಿನವರು ಹೆಚ್ಚು ದೂರ ಸಾಗಬೇಕಾದ್ದರಿಂದ ವೇಗ ಹೆಚ್ಚಿಸಬೇಕು, ಒಳ ಅಂಚಿನವರು ತಗ್ಗಿಸಬೇಕು, ಆದರೂ ಆಕಾರ ಕದಡಬಾರದು. ಪೈಲಟ್‌ಗಳು ಆಗ ನೆಲವನ್ನಾಗಲಿ ದಿಗಂತವನ್ನಾಗಲಿ ನೋಡುವುದಿಲ್ಲ. ಕೆಲವೇ ಮೀಟರ್ ಆಚೆಯ ವಿಮಾನದ ಮೇಲಿನ ಗೊತ್ತುಮಾಡಿದ ಬಿಂದುಗಳ ಮೇಲೆ ದೃಷ್ಟಿ ನೆಟ್ಟಿರುತ್ತಾರೆ. ಬೆಂಗಳೂರಿನಲ್ಲೇ ತಯಾರಾದ ಧ್ರುವ ಹೆಲಿಕಾಪ್ಟರ್‌ಗಳ ಸಾರಂಗ್ ತಂಡಕ್ಕೆ ಬೈನಾಕ್ಯುಲರ್ ಬೇಡ, ಅವು ಹತ್ತಿರವೇ ಹಾರುತ್ತವೆ. ಇಲ್ಲಿ ಸಾರಂಗ್ ಎಂದರೆ ನವಿಲು. ಮೈಮೇಲಿನ ನವಿಲಿನ ಚಿತ್ರ ಬರಿಗಣ್ಣಿಗೇ ಕಾಣುತ್ತದೆ.

ಟೋಪಿ, ನೀರು, ಕಿವಿಗೆ ಹತ್ತಿ ಇರಲಿ; ಬೈನಾಕ್ಯುಲರ್ ಅನ್ನು ಸೂರ್ಯನತ್ತ ತಿರುಗಿಸಲೇಬೇಡಿ. ತಿಂಡಿಯ ಚೂರನ್ನೂ ನೆಲಕ್ಕೆ ಚೆಲ್ಲಬೇಡಿ. ಹದ್ದುಗಳು ಎರಗಿ ಎಂಜಿನ್ನಿಗೆ ಸಿಲುಕುತ್ತವೆಂಬ ಆತಂಕದಿಂದಲೇ ಆ ದಿನಗಳಲ್ಲಿ ಸುತ್ತಮುತ್ತ ಮಾಂಸ ಮಾರಾಟಕ್ಕೂ ನಿಷೇಧವಿರುತ್ತದೆ.

ಕಸರತ್ತು ಮುಗಿದೊಡನೆ ಜನ ಗೇಟಿನತ್ತ ಹೊರಡುತ್ತಾರೆ. ನೀವು ಇನ್ನೂ ಸ್ವಲ್ಪ ಹೊತ್ತು ರನ್‌ವೇ ಕಡೆಗೇ ನೋಡುತ್ತಿರಿ. ತೇಜಸ್ ನೆಲ ಮುಟ್ಟಿದಾಗ ಬಾಲದ ಹಿಂದೆ ಪ್ಯಾರಾಚೂಟ್ ಒಮ್ಮೆಲೇ ಬಿಚ್ಚಿಕೊಂಡು ವೇಗವನ್ನು ತಗ್ಗಿಸುತ್ತದೆ, ನಂತರ ಕಳಚಿ ಬೀಳುತ್ತದೆ. ಮುಂದಿನ ವಿಮಾನ ಇಳಿಯುವುದಕ್ಕೆ ಮೊದಲು ನೆಲದ ಸಿಬ್ಬಂದಿ ಅದನ್ನು ಅಲ್ಲಿಂದ ತೆಗೆದಿರಬೇಕು.