ಮುದ್ದೆ ತೂಕ ಹಾಕಿ ಇನ್ಸುಲಿನ್: ಲೆಕ್ಕ ಹಾಕುವ ಮೀಟರ್ ಜೊತೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ರಕ್ತದ ಸಕ್ಕರೆ ಅಳೆದು, ಊಟಕ್ಕೆ ಎಷ್ಟು ಇನ್ಸುಲಿನ್ ಬೇಕು ಅಂತ ಡೋಸ್ ಲೆಕ್ಕ ಹಾಕುವ ಮೀಟರ್ ಮುದ್ದೆ ತಿನ್ನುವವರಿಗೂ ಕೆಲಸ ಮಾಡುತ್ತದೆ. ಮಾಡಲ್ಲ ಅಂದವರು ಬಹಳ ಜನ. "ಅದೆಲ್ಲ ಬ್ರೆಡ್ಡು ತಿನ್ನೋರಿಗೆ ಕಣಪ್ಪ, ಪ್ಯಾಕೆಟ್ ಮೇಲೆ ಗ್ರಾಂ ಬರೆದಿರುತ್ತೆ, ನಿಮ್ಮ ಮುದ್ದೆ ಮೇಲೆ ಯಾರು ಬರೀತಾರೆ" ಅಂತ ಒಬ್ಬ ಡಾಕ್ಟರೇ ನಕ್ಕಿದ್ದರು. ಈಗ ನನ್ನ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಟೆಸ್ಟ್, ಏಳರ ಆಸುಪಾಸಿನಲ್ಲಿದೆ. ಮೊದಲು ಒಂಬತ್ತೂವರೆ ಇತ್ತು, ಒಮ್ಮೆ ಹತ್ತೂ ದಾಟಿತ್ತು. ಅದಕ್ಕೇ ಬರೆಯೋಣ ಅನ್ನಿಸಿತು.

ನಾನು ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ರೈಟರ್. ಇನ್ಸುಲಿನ್ ಇಲ್ಲದೆ ನಡೆಯದ ಟೈಪ್ 1 ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಬೆಳಗಿನ ಜಾವ ಎದ್ದು ಮಂಡಿಗೆ ಹೋಗುವ ಕೆಲಸ. ತಿಂಡಿ ಒಂದು ದಿನ ಆರಕ್ಕೆ, ಇನ್ನೊಂದು ದಿನ ಹತ್ತಕ್ಕೆ. ಸೀಸನ್‌ನಲ್ಲಿ ಊಟವೇ ಇಲ್ಲದ ದಿನಗಳೂ ಉಂಟು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಗಂತೂ ನೀರು ಕುಡಿಯಲೂ ಪುರುಸೊತ್ತಿರಲಿಲ್ಲ. ಇಂಥ ಬದುಕಿಗೆ 30/70 ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು ಬೆರೆಸಿದ್ದು), ಬೆಳಗ್ಗೆ ಇಷ್ಟು ರಾತ್ರಿ ಇಷ್ಟು ಅಂದರೆ ಹೇಗೆ ಹೊಂದುತ್ತದೆ? ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು. ಲಾರಿ ಲೋಡ್ ಆಗುವವರೆಗೆ ಕಾಯಲೇಬೇಕು. ಹೀಗಾಗಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸಕ್ಕರೆ ಇಳಿದು ಬೆವರು, ರಾತ್ರಿ ಏರಿ ಮುನ್ನೂರು. ವರ್ಷಗಟ್ಟಲೆ ಇದೇ ಕಥೆ.

ರಾತ್ರಿ ಒಂದು ಬಹಳ ಹೊತ್ತು ಎಳೆಯುವ ಇನ್ಸುಲಿನ್, ಊಟ ಊಟಕ್ಕೂ ಬೇರೆ ಇನ್ಸುಲಿನ್, ಈ ಪದ್ಧತಿಗೆ ಬಂದ ಮೇಲೆ ಮೀಟರ್ ಬೇಕು ಅನ್ನಿಸಿತು. ಮೊದಲನೆಯದನ್ನು ಲಂಡನ್ನಿನಲ್ಲಿರುವ ನನ್ನ ಭಾವಮೈದ ತಂದುಕೊಟ್ಟ. ಬಾಕ್ಸ್ ಬಿಚ್ಚಿ ರಕ್ತ ಹಾಕಿದರೆ 8.3 ಅಂತ ಬಂತು. ಅಲ್ಲಿಯ ಮಾನವೇ ಬೇರೆ, 18ರಿಂದ ಗುಣಿಸಿದರೆ ನಮ್ಮ ಸಂಖ್ಯೆ ಸಿಗುತ್ತದೆ. ಮಾನ ಬದಲಿಸಲು ಮೆನುವಿನಲ್ಲಿ ಜಾಗವೇ ಇಲ್ಲ, ಫ್ಯಾಕ್ಟರಿಯಲ್ಲೇ ಕೂರಿಸಿ ಕಳಿಸುತ್ತಾರೆ. ನನಗೇನೋ ಗುಣಾಕಾರ ಕಷ್ಟವಿಲ್ಲ, ದಿನವೆಲ್ಲ ಅದೇ ಕೆಲಸ. ಆದರೆ ಒಂದು ರಾತ್ರಿ ನಾನು ಸುಸ್ತಾಗಿ ಮಲಗಿದ್ದಾಗ ಹೆಂಡತಿ ಬೆರಳು ಚುಚ್ಚಿ ನೋಡಿದ್ದಾಳೆ. 15 ಅಂತ ತೋರಿಸಿದೆ. ಹದಿನೈದಕ್ಕೆ ಇಳಿದಿದೆ ಅಂತ ಗಾಬರಿಯಾಗಿ ಗ್ಲೂಕೋಸ್ ನೀರು ಕಲಸಿ "ರೀ, ಏಳಿ, ಕುಡೀರಿ" ಅಂತ ಬಾಯಿಗೇ ಹಿಡಿದಳು. ಅದು ನಮ್ಮ ಲೆಕ್ಕದಲ್ಲಿ 270! ಮಾರನೇ ದಿನವೇ ಆ ಮೀಟರ್ ಬೀರು ಸೇರಿತು. ಅದರ ಜೊತೆ ತರಿಸಿದ್ದ ಸ್ಟ್ರಿಪ್‌ಗಳೂ ಹೋದವು. ಸುಮಾರು ಆರೇಳು ಸಾವಿರ ನೀರುಪಾಲು.

ಎರಡನೆಯದು ಜರ್ಮನಿಯಿಂದ, ಪಕ್ಕದ ಮಂಡಿ ಓನರ್ ಮಗನ ಕೈಲಿ ಬಂತು. ಅಲ್ಲಿ ಎರಡೂ ಮಾನದ ಮೀಟರ್ ಸಿಗುತ್ತವೆ, ನಮ್ಮದೇ ಮಿಲಿಗ್ರಾಂ ಲೆಕ್ಕದ್ದು ಬೇಕು ಅಂತ ಬರೆದು ಕಳಿಸಿದ್ದೆ. ಅದರಲ್ಲೂ ಒಂದು ಮಜಾ ಇತ್ತು. ಊಟದ ಕಾರ್ಬ್ (ಮೈಯಲ್ಲಿ ಸಕ್ಕರೆಯಾಗುವ ಅಂಶ) ಅನ್ನು ಅಲ್ಲಿನವರು ಗ್ರಾಂನಲ್ಲಿ ಅಲ್ಲ, 'ಬಿಇ' ಅನ್ನುವ ಬ್ರೆಡ್ ಲೆಕ್ಕದಲ್ಲಿ ಹಾಕುತ್ತಾರೆ. ಒಂದು ಬಿಇ ಅಂದರೆ 12 ಗ್ರಾಂ. ನಾವು ಗ್ರಾಂ ಅಂದುಕೊಂಡು 55 ಒತ್ತಿದರೆ ಅದು 660 ಗ್ರಾಂ ಅಂತ ತಿಳಿದುಕೊಳ್ಳುತ್ತದೆ. ಪುಣ್ಯಕ್ಕೆ ಇದನ್ನು ಮೆನುವಿನಲ್ಲಿ ಬದಲಿಸಬಹುದು. ಇಂಥ ಮೀಟರ್ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಎರಡು: ಕಾರ್ಬ್ ಮಾನ ಯಾವುದು, ಒಂದು ಸಲಕ್ಕೆ ಗರಿಷ್ಠ ಡೋಸ್ ಎಷ್ಟಕ್ಕೆ ಕೂರಿಸಿದೆ. ನಾನು ಗರಿಷ್ಠ 12ಕ್ಕೆ ಕಟ್ಟಿಹಾಕಿದ್ದೇನೆ. ಅದಕ್ಕಿಂತ ಜಾಸ್ತಿ ಕೇಳಿದರೆ ಅದು ಎಚ್ಚರಿಸುತ್ತದೆ, ನಾನು ಕೂತು ಯೋಚಿಸುತ್ತೇನೆ.

ಸೂತ್ರ ಸುಲಭ. ನನ್ನ ದಿನದ ಒಟ್ಟು ಇನ್ಸುಲಿನ್ ಸುಮಾರು 45 ಯೂನಿಟ್. 500ನ್ನು ಅದರಿಂದ ಭಾಗಿಸಿದರೆ 11, ಅಂದರೆ 11 ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್. 1800ನ್ನು ಭಾಗಿಸಿದರೆ 40, ಒಂದು ಯೂನಿಟ್‌ಗೆ ರಕ್ತದ ಸಕ್ಕರೆ ಅಷ್ಟು ಇಳಿಯುತ್ತದೆ. ಗುರಿ 120. ಇದನ್ನು ನನ್ನ ಡಾಕ್ಟರ್ ಜೊತೆ ಕೂತು ಹಾಕಿದ್ದು, ನಿಮ್ಮ ಸಂಖ್ಯೆ ಬೇರೆಯೇ ಇರುತ್ತದೆ, ನನ್ನದನ್ನು ಎತ್ತಿ ಹಾಕಿಕೊಳ್ಳಬೇಡಿ.

ಇನ್ನು ಮುದ್ದೆ. ನಿಜವಾದ ಕೆಲಸ ಇದ್ದದ್ದು ಇಲ್ಲೇ. ಮೀಟರ್ ಬರೀ ಭಾಗಾಕಾರ ಮಾಡುತ್ತದೆ, ತಟ್ಟೆಯಲ್ಲಿ ಏನಿದೆ ಅಂತ ಹೇಳಬೇಕಾದವರು ನಾವು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 67 ಗ್ರಾಂ ಕಾರ್ಬ್, ಅಕ್ಕಿಗೆ 78. ಆದರೆ ನಾವು ಹಿಟ್ಟು ತಿನ್ನುವುದಿಲ್ಲವಲ್ಲ, ಮುದ್ದೆ ತಿನ್ನುತ್ತೇವೆ. ನೀರೆಷ್ಟು? ಒಂದು ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಹಿಟ್ಟು ತೂಗಿ, ನೀರು ತೂಗಿ, ತೊಳಸಿದ ಮೇಲೆ ಎಲ್ಲ ಮುದ್ದೆಗಳನ್ನೂ ತೂಗಿದೆ. "ಏನೋ ಇದು, ಮುದ್ದೇನ ಬಂಗಾರ ತೂಗಿದಂಗೆ ತೂಗ್ತೀಯ" ಅಂತ ಅಮ್ಮ ಬೈದರು. ಕೆಜಿ ಹಿಟ್ಟಿಗೆ ಹತ್ತಿರ ಹತ್ತಿರ ಮೂರು ಕೆಜಿ ಮುದ್ದೆ ಬಂತು. ಅಂದರೆ 100 ಗ್ರಾಂ ಮುದ್ದೆಗೆ 22 ಗ್ರಾಂ ಕಾರ್ಬ್. ಇನ್ನೊಂದು ದಿನ ಹೆಂಡತಿ ತೊಳಸಿದಾಗ ಸ್ವಲ್ಪ ಗಟ್ಟಿ, 24ರ ಹತ್ತಿರ ಬಂತು. ಈ ಎರಡರ ವ್ಯತ್ಯಾಸ ಡೋಸ್‌ನಲ್ಲಿ ಅರ್ಧ ಯೂನಿಟ್ ಕೂಡ ಆಗಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ನಮ್ಮ ಮನೆಯ ಮುದ್ದೆ 250 ಗ್ರಾಂ, ಹೋಟೆಲಿನ ಮುದ್ದೆ 400 ಗ್ರಾಂ ದಾಟುತ್ತದೆ. ಅದು ಮಾತ್ರ ಮೂರು ಯೂನಿಟ್ ವ್ಯತ್ಯಾಸ. ಒಂದು ಮುದ್ದೆಗೆ ಇಷ್ಟು ಯೂನಿಟ್ ಅಂತ ಲೆಕ್ಕ ಇಟ್ಟುಕೊಂಡವರು ಎಡವುವುದು ಅಲ್ಲೇ. ನಮ್ಮ ಕಡೆ ಹಿಟ್ಟಿನ ಜೊತೆ ಅನ್ನವನ್ನೂ ಹಾಕಿ ಸಂಗಟಿ ಮಾಡುತ್ತಾರಲ್ಲ, ಅದಕ್ಕೆ ನನ್ನ ಪಟ್ಟಿಯಲ್ಲಿ ಬೇರೆ ಸಾಲು ಇದೆ. ಅದು ಬೇಗ ಏರುತ್ತದೆ.

ಮಂಡಿಯಲ್ಲಿ ತಕ್ಕಡಿಗೇನು ಬರವೇ? ಬುತ್ತಿ ಬಿಚ್ಚಿ ಮುದ್ದೆ ಇಟ್ಟು ತೂಗಿದರೆ ಹಮಾಲಿ ಹುಡುಗರು "ಅಣ್ಣಾ, ಇದಕ್ಕೂ ಕಮಿಷನ್ ಇದೆಯಾ" ಅಂತ ಕಿಚಾಯಿಸುತ್ತಿದ್ದರು. ಈಗ ಕಣ್ಣಲ್ಲೇ ನೋಡಿ ಹೇಳುತ್ತೇನೆ. ಬೇಕಾದರೆ ಬಾಜಿ ಕಟ್ಟಿ, ಹತ್ತಿಪ್ಪತ್ತು ಗ್ರಾಂ ಆಚೀಚೆ ಅಷ್ಟೇ.

ಒಂದು ಮಧ್ಯಾಹ್ನದ ಲೆಕ್ಕ ನೋಡಿ. ಮೀಟರ್ 182 ತೋರಿಸಿತು. ಮುದ್ದೆ 250 ಗ್ರಾಂ, ಹಾಗಾಗಿ 55 ಒತ್ತಿದೆ. ಬಸ್ಸಾರಿಗೆ ಏನೂ ಹಾಕಲ್ಲ, ಕಾಳು ಜಾಸ್ತಿ ಇದ್ದರೆ ಮಾತ್ರ ಹತ್ತು ಸೇರಿಸುತ್ತೇನೆ. ಊಟಕ್ಕೆ 5, ಏರಿದ್ದಕ್ಕೆ ಒಂದೂವರೆ, ಬೆಳಗಿನದು ಮೈಯಲ್ಲಿ ಇನ್ನೂ ಒಂದು ಯೂನಿಟ್ ಬಾಕಿ ಅಂತ ಕಳೆದು ಐದೂವರೆ ಅಂತ ಹೇಳಿತು. ಇನ್ಸುಲಿನ್ ಚುಚ್ಚುವ ನನ್ನ ಪೆನ್‌ನಲ್ಲಿ ಅರ್ಧ ಯೂನಿಟ್ ಇಲ್ಲ. ಸೀಸನ್‌ನಲ್ಲಿ 5 ಹಾಕುತ್ತೇನೆ, ಕೂತು ಲೆಡ್ಜರ್ ಬರೆಯುವ ದಿನ 6. ಈ "ಮೈಯಲ್ಲಿ ಬಾಕಿ" ಕಳೆಯುವುದಿದೆ ನೋಡಿ, ಇದಕ್ಕೇ ನಾನು ಅಷ್ಟು ದುಡ್ಡು ಕೊಟ್ಟಿದ್ದು. ಕಾಗದದಲ್ಲಿ ಲೆಕ್ಕ ಹಾಕುವವರು ಇದನ್ನು ಬಿಡುತ್ತಾರೆ, ಡೋಸ್ ಮೇಲೆ ಡೋಸ್ ಹೇರಿಕೊಂಡು ಮಧ್ಯಾಹ್ನಕ್ಕೆ ಐವತ್ತಕ್ಕೆ ಬೀಳುತ್ತಾರೆ.

ಆದರೆ ಮೊದಲ ಕೆಲವು ತಿಂಗಳು ಇದೂ ಕೈಕೊಟ್ಟಿತು. ಕಾರಣ, ಆಗ ನಾನು ಊಟಕ್ಕೆ ಹಾಕುತ್ತಿದ್ದದ್ದು ಹಳೆಯ ರೆಗ್ಯುಲರ್ ಇನ್ಸುಲಿನ್. ವೈಯಲ್‌ನದ್ದು, ಅಂದರೆ ಸಣ್ಣ ಬಾಟಲಿಯದ್ದು, ಅಗ್ಗ. ಅದು ಆರು ತಾಸು, ಕೆಲವೊಮ್ಮೆ ಜಾಸ್ತಿಯೇ ಎಳೆಯುತ್ತದೆ. ಇನ್ಸುಲಿನ್ ಎಷ್ಟು ಹೊತ್ತು ಎಳೆಯುತ್ತದೆ ಅನ್ನುವುದಕ್ಕೆ ಮೀಟರ್‌ನಲ್ಲಿ ನಾಲ್ಕು ತಾಸು ಇತ್ತು. ಆರಕ್ಕೆ ಏರಿಸಿದರೆ ಇನ್ನೊಂದು ತೊಂದರೆ: ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಬೇಕು, ಮಂಡಿಯಲ್ಲಿ ಅರ್ಧ ಗಂಟೆ ಮುಂಚೆ ಊಟ ಯಾವಾಗ ಅಂತ ಯಾರಿಗೆ ಗೊತ್ತು? ಕೊನೆಗೆ ಬೇಗ ಕೆಲಸ ಮಾಡುವ ಪೆನ್‌ಗೆ ಬಂದೆ. ತಿಂಗಳ ಖರ್ಚು ಒಂದೂವರೆ ಸಾವಿರದಷ್ಟು ಏರಿತು. ವೈಯಲ್‌ನಿಂದ ಪೆನ್‌ಗೆ ಬರುವವರು ಹಳೆಯ ಸಿರಿಂಜ್‌ಗಳನ್ನು ಎಸೆದುಬಿಡಿ. ನಮ್ಮ ವೈಯಲ್ ಮಿಲಿಗೆ 40 ಯೂನಿಟ್, ಪೆನ್ ಕಾರ್ಟ್ರಿಜ್ 100. ಪೆನ್ ಕೆಟ್ಟಿತು ಅಂತ ಕಾರ್ಟ್ರಿಜ್‌ನಿಂದ 40ರ ಸಿರಿಂಜ್‌ಗೆ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಮೀಟರ್ ಎಷ್ಟು ಸರಿಯಾಗಿ ಹೇಳಿದರೇನು ಬಂತು?

ಇನ್ನೊಂದು, ಇಡೀ ದಿನಕ್ಕೆ ಒಂದೇ 11 ಹಾಕಿದರೆ ನಡೆಯಲ್ಲ. ಬೆಳಗ್ಗೆ ಎರಡು ಇಡ್ಲಿಗೂ 260 ಹೋಗುತ್ತಿತ್ತು, ಮಧ್ಯಾಹ್ನ ಅದೇ ಲೆಕ್ಕಕ್ಕೆ 65. ಮೀಟರ್‌ನಲ್ಲಿ ಹೊತ್ತಿಗೊಂದು ಲೆಕ್ಕ ಇಡಲು ಜಾಗ ಇದೆ. ಆದರೆ ಅದರ ಬೆಳಗ್ಗೆ ಶುರುವಾಗುವುದು ಐದೂವರೆಗೆ, ನನ್ನ ಬೆಳಗ್ಗೆ ಮೂರಕ್ಕೆ. ಆ ಗೆರೆಯನ್ನು ಎಳೆದು ಮೂರಕ್ಕೆ ತಂದೆ. ಈಗ ಬೆಳಗ್ಗೆ 8, ಮಧ್ಯಾಹ್ನ 11, ರಾತ್ರಿ 13. ಹರಾಜಿನ ದಿನ 'ವ್ಯಾಯಾಮ' ಅನ್ನುವ ಗುಂಡಿ ಒತ್ತುತ್ತೇನೆ, ಅದಕ್ಕೆ ಕಾಲು ಭಾಗ ಕಡಿಮೆ ಅಂತ ಕೂರಿಸಿದ್ದೇನೆ. ಯಾರ್ಡ್ ತುಂಬ ಓಡಾಡುವುದಕ್ಕಿಂತ ವ್ಯಾಯಾಮ ಬೇಕೇ?

ಊಟವಾಗಿ ಎರಡು ತಾಸಿಗೆ 210 ಇರುತ್ತದೆ, ಮೀಟರ್ ಸೊನ್ನೆ ಡೋಸ್ ಅನ್ನುತ್ತದೆ. ಹೊಸಬರು ಇದನ್ನು ನೋಡಿ ಮೀಟರ್ ಕೆಟ್ಟಿದೆ ಅಂತ ಕೈಯಿಂದ ಎರಡು ಯೂನಿಟ್ ಸೇರಿಸುತ್ತಾರೆ. ಕೆಟ್ಟಿಲ್ಲ. ಊಟದ ಮೇಲೆ ಇಷ್ಟು ಏರಿಕೆ ಸಹಜ ಅಂತ ಅದಕ್ಕೆ ಮೊದಲೇ ಹೇಳಿರುತ್ತೇವೆ. ಸುಮ್ಮನಿರಿ, ಇಳಿಯುತ್ತದೆ.

ಈಗ ಮಾವು. ಶ್ರೀನಿವಾಸಪುರದ ಕಡೆ ನೆಂಟರಿದ್ದಾರೆ, ಸೀಸನ್‌ನಲ್ಲಿ ಬಾದಾಮಿ, ಮಲ್ಲಿಕಾ ಬಾಕ್ಸ್‌ಗಟ್ಟಲೆ ಬರುತ್ತದೆ. ಶುಗರ್ ಇದ್ದವನು ಮಾವು ಮುಟ್ಟಬಾರದು ಅನ್ನುವವರ ಎದುರಿಗೇ ತಿನ್ನುತ್ತೇನೆ. ತಿರುಳು ತೂಗಿ ನೂರಕ್ಕೆ 15 ಗ್ರಾಂ ಹಾಕುತ್ತೇನೆ, ಸರಿಹೋಗಿದೆ. ಆದರೆ ಮೊದಲ ಸಲ ಹಣ್ಣು ಹೆಚ್ಚುತ್ತಾ ಹೆಚ್ಚುತ್ತಾ ಬೆರಳು ಚುಚ್ಚಿದಾಗ 340 ಬಂತು. ಇನ್ನೂ ಒಂದು ಹೋಳೂ ಬಾಯಿಗೆ ಹೋಗಿರಲಿಲ್ಲ! ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ನೋಡಿದರೆ 260. ನಲ್ಲಿ ಕೆಳಗೆ ಸೋಪು ಹಾಕಿ ತೊಳೆದು ನೋಡಿದರೆ 128. ಬೆರಳಿನ ಮೇಲಿನ ಹಣ್ಣಿನ ರಸವನ್ನೂ ಸ್ಟ್ರಿಪ್ ರಕ್ತದ ಸಕ್ಕರೆ ಅಂತಲೇ ಓದುತ್ತದೆ. ಬರೀ ಅಳೆಯುವ ಮೀಟರ್ ಆದರೆ ಗಾಬರಿಯಷ್ಟೇ. ಇದು ಆ 340ಕ್ಕೆ ಐದೂವರೆ ಯೂನಿಟ್ ಚುಚ್ಚು ಅಂತ ಹೇಳುತ್ತದೆ. ಅಂದಿನಿಂದ ಟೊಮೆಟೊ ಮುಟ್ಟಿದ ಕೈಯಲ್ಲೂ ಚುಚ್ಚುವುದಿಲ್ಲ. ಬೈಕಿನ ಡಿಕ್ಕಿಯಲ್ಲಿ ನೀರಿನ ಬಾಟಲಿ, ಸಣ್ಣ ಸೋಪು ಯಾವಾಗಲೂ ಇರುತ್ತದೆ.

ಮುಳಬಾಗಿಲು ದೋಸೆಯ ಕಥೆ ಬೇರೆ. ಎರಡು ತಾಸಿಗೆ 140 ಇರುತ್ತದೆ, ಗೆದ್ದೆ ಅಂದುಕೊಳ್ಳುತ್ತೇವೆ. ನಾಲ್ಕು ತಾಸಿಗೆ 250. ತುಪ್ಪದ ಕೆಲಸ ಅದು, ಹಿಟ್ಟಿನ ಸಕ್ಕರೆ ತಡವಾಗಿ ಬರುತ್ತದೆ. ಮೀಟರ್‌ಗೆ ತುಪ್ಪ ಹಾಕಲು ಗುಂಡಿಯೇ ಇಲ್ಲ. ಡೋಸ್ ಒಡೆದು ಹಾಕುವ ನನ್ನದೊಂದು ರೀತಿ ಇದೆ. ಎಷ್ಟಕ್ಕೆಷ್ಟು, ಎಷ್ಟು ಹೊತ್ತು ಬಿಟ್ಟು ಅಂತ ಇಲ್ಲಿ ಬರೆಯಲ್ಲ. ಮದುವೆ ಊಟದ ಲೆಕ್ಕವನ್ನೂ ಬರೆಯಲ್ಲ, ಅದಕ್ಕೆ ನಾನು ಬಹಳ ದುಡ್ಡು ಸುಟ್ಟಿದ್ದೇನೆ. ಬಂಗಾರಪೇಟೆ ಪಾನಿಪುರಿಗೆ ಮಾತ್ರ ಬಿಟ್ಟಿಯಾಗಿ ಹೇಳುತ್ತೇನೆ: ಬರೀ ಪೂರಿ ತೂಗಿ ನೋಡಿ ಒಂದಕ್ಕೆ ಮೂರು ಗ್ರಾಂನಷ್ಟು ಹಿಡಿದೆ, ಒಳಗಿನದ್ದಕ್ಕೆ ಸ್ವಲ್ಪ. ಎಷ್ಟು ತಿಂದೆ ಅಂತ ಎಣಿಸುವುದೇ ಕಷ್ಟ.

ಖರ್ಚಿಗೆ ಬರೋಣ. ದಿನಕ್ಕೆ ನಾಲ್ಕೈದು ಸ್ಟ್ರಿಪ್, ಒಂದಕ್ಕೆ ಹೊರಗಿಂದ ತರಿಸುವುದು ಸೇರಿ ಮೂವತ್ತರ ಹತ್ತಿರ. ತಿಂಗಳಿಗೆ ನಾಲ್ಕು ಸಾವಿರ ಅಂದುಕೊಳ್ಳಿ. ಅಗ್ಗಕ್ಕೆ ಸಿಕ್ಕಿತು ಅಂತ ಡೇಟ್ ಮುಗಿಯುತ್ತಿದ್ದ ಡಬ್ಬಿಗಳನ್ನು ಒಬ್ಬ ವ್ಯಾಪಾರಿಯ ಹತ್ತಿರ ತೆಗೆದುಕೊಂಡಾಗ ಒಂದೇ ಬೆರಳಿಗೆ 150, 205 ಅಂತ ಬಂತು, ಅರ್ಧ ಡಬ್ಬಿ ಕಸಕ್ಕೆ. ಒಳ್ಳೆಯ ಸ್ಟ್ರಿಪ್ ಕೂಡ ನೂರಕ್ಕೆ ಹದಿನೈದು ಆಚೀಚೆ ತೋರಿಸಬಹುದು ಅಂತ ನಿಯಮದಲ್ಲೇ ಇದೆ. ಹಾಗಾಗಿ ಅರ್ಧ ಯೂನಿಟ್‌ಗೆ ಜಗಳ ಆಡಬೇಡಿ. ತೋಳಿಗೆ ಅಂಟಿಸುವ ಸೆನ್ಸರ್ ಕೂಡ ಒಮ್ಮೆ ಹಾಕಿಸಿ ನೋಡಿದೆ. ಎರಡು ವಾರಕ್ಕೆ ಐದು ಸಾವಿರದಷ್ಟು. ದೋಸೆಯ ನಾಲ್ಕು ತಾಸಿನ ಗುಟ್ಟು ಸಿಕ್ಕಿದ್ದು ಅದರಿಂದಲೇ. ತಿಂಗಳು ತಿಂಗಳು ಹಾಕಲು ಮಂಡಿ ಸಂಬಳ ಸಾಲದು. ವರ್ಷಕ್ಕೊಮ್ಮೆ, ಮಾವಿನ ಕಾಲದಲ್ಲಿ ಹಾಕಿಸುತ್ತೇನೆ.

ನಕ್ಕಿದ್ದ ಡಾಕ್ಟರ್ ಕಳೆದ ಸಲ ಮೀಟರ್ ತೆಗೆದುಕೊಂಡು ಹಿಂದಿನ ರೀಡಿಂಗ್‌ಗಳನ್ನೆಲ್ಲ ಒತ್ತಿ ಒತ್ತಿ ನೋಡಿದರು. "ಆ ಮುದ್ದೆ ಪಟ್ಟಿ ಒಂದು ಜೆರಾಕ್ಸ್ ಕೊಡಿ" ಅಂದರು. "ಆಯ್ತು ಸರ್" ಅಂತ ಕೊಟ್ಟೆ, ಮದುವೆ ಊಟದ ಹಾಳೆ ಬಿಟ್ಟು. ಈಗ ಹಲಸು ನಡೆಯುತ್ತಿದೆ. ತೊಳೆ ಸಣ್ಣದು ದೊಡ್ಡದು ಅಂತ ಬೇರೆ ಬೇರೆ ತೂಗಿ ಬರೆಯುತ್ತಿದ್ದೇನೆ. ಬಿಳಿ ತೊಳೆಯದ್ದು ಲೆಕ್ಕಕ್ಕೆ ಕೂತಿದೆ, ಕೆಂಪು ತೊಳೆಯದ್ದು ಇನ್ನೂ ಇಲ್ಲ.